ಟಿಲ್ಲರಿಗೆ ಎಣ್ಣೆ ನೀರು

ಅರಳಗುಪ್ಪೆಯ ಹತ್ತಿರದ ನಮ್ಮೂರಿನಲ್ಲಿ ಎತ್ತು ಮಾರಿ ಪವರ್ ಟಿಲ್ಲರ್ ತಂದ ಮೊದಲ ಮನುಷ್ಯ ಮಾಯಣ್ಣ. ನಮ್ಮ ಪಕ್ಕದ ಹೊಲದವನು. ಹೊಸದೇನಾದರೂ ಕಣ್ಣಿಗೆ ಬಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅದಾದರೂ ಹೋಗಲಿ, ಎತ್ತು ಕಟ್ಟಿಕೊಂಡಿದ್ದ ನಮ್ಮನ್ನು ಕಂಡರೆ "ನೀವು ಬಾಲ ತಿರುಗುಸ್ಕೊಂಡೇ ಇರ್ರಪ್ಪ" ಎಂದು ಆಡಿಕೊಳ್ಳುತ್ತಿದ್ದ. ಅದಕ್ಕೆ ನನಗೆ ಅವನ ಮೇಲೆ ಉರಿ. ಅವನ ತಾಯಿ ತಿಮ್ಮಕ್ಕನಿಗೆ ನನಗಿಂತ ಉರಿ. ಎತ್ತು ಹೋದ ಮೇಲೆ ಆಕೆ ಆ ಟಿಲ್ಲರಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಡೀಸೆಲ್ ಸಿಗದಂತಾಯಿತು. ತಿಪಟೂರಿನ ಬಂಕಿನ ಮುಂದೆ ಬರೀ ಡಬ್ಬಗಳ ಸಾಲು. ಮಾಯಣ್ಣ ಇಳಿಜಾರು ಬಂದರೆ ಇಂಜಿನ್ ಆರಿಸಿ ಉಳಿಸಿ ನೋಡಿದ, ಸಾಲಲಿಲ್ಲ. ಕೊನೆಗೆ ಅಟ್ಟ ಹತ್ತಿ ಕೌಟು ಹಿಡಿದು ಮಾರಾಟಕ್ಕೆ ಬಾರದ ಕೊಬ್ಬರಿಯನ್ನೆಲ್ಲ ಆರಿಸಿ, ಮಿಲ್ಲಿನಲ್ಲಿ ಎಣ್ಣೆ ಮಾಡಿಸಿ, ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಸುರಿದ. ಮೊದಮೊದಲು ಡೀಸೆಲ್ಲಿಗೆ ಬೆರೆಸುತ್ತಿದ್ದ, ಆಮೇಲೆ ಬೆರೆಸಲು ಡೀಸೆಲ್ಲೇ ಇರಲಿಲ್ಲ. ಟಿಲ್ಲರ್ ಓಡಿತು. ಹೊಗೆ ಚಕ್ಕುಲಿ ಕರಿದ ಹಾಗೆ ಘಮಘಮ ಅನ್ನುತ್ತಿತ್ತು, ಬೀದಿ ನಾಯಿಗಳು ಹಿಂದೆಯೇ ಹೋಗುತ್ತಿದ್ದವು.

ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಾಯಣ್ಣನೂ ಟಿಲ್ಲರನ್ನು ಬಿಸಿಲಿಗೆ ನಿಲ್ಲಿಸಿ, ಎಣ್ಣೆ ಕರಗುವ ತನಕ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಬಿಸಿಲೇ ಬರದ ದಿನವೂ ಇರುತ್ತದೆ ಅನ್ನುವುದು ಮಾತ್ರ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

ಆ ದಿನ ಬಂದದ್ದು ರಾಗಿ ಒಕ್ಕಣೆಯಲ್ಲಿ. ಹಿಂದಿನ ಸಂಜೆಯೇ ಮಾಯಣ್ಣನವರು ಬಣವೆ ಕಿತ್ತು ಕಣದ ತುಂಬ ಹರಡಿದ್ದರು. ಮನೆಯವರೆಲ್ಲ ವರ್ಷವಿಡೀ ಉಣ್ಣಬೇಕಾದ ರಾಗಿ ಅದು. ಬೆಳಗ್ಗೆ ಎದ್ದರೆ ಆಕಾಶವೆಲ್ಲ ಮುಚ್ಚಿಕೊಂಡು ಥಂಡಿ ಗಾಳಿ ಬೀಸುತ್ತಿತ್ತು. ಮಳೆಗೆ ಸಿಕ್ಕಿದರೆ ರಾಗಿ ಕಣದಲ್ಲೇ ಮೊಳೆತುಹೋಗುತ್ತದೆ. ಮಾಯಣ್ಣ ನಾಚಿಕೆ ಬಿಟ್ಟು ಎತ್ತು ಕೇಳಲು ನಮ್ಮ ಕಣಕ್ಕೆ ಬಂದ.

"ನಮ್ದೂ ಹಂಗೇ ಬಿದ್ದೈತೆ ಕಣಪ್ಪ. ನಮ್ದಾದ ತಕ್ಷಣ ಹೊಡ್ಕೊಂಡ್ ಬತ್ತೀನಿ" ಎಂದರು ನಮ್ಮಪ್ಪ. ಅಷ್ಟು ಹೊತ್ತು ಮಳೆ ಕಾಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮಾಯಣ್ಣ ಹಿಂದಿರುಗಿ ಹ್ಯಾಂಡಲ್ ತಿರುಗಿಸಿದ, ತಿರುಗಿಸಿದ, ಅಂಗೈ ಬೊಬ್ಬೆ ಎದ್ದಿತು. ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವನು ಅಲ್ಲೇ ಕುಸಿದು ಕೂತ.

"ಮುಗೀತು ಕಣವ್ವ" ಎಂದ.

ತಿಮ್ಮಕ್ಕ ಮೋಡ ನೋಡಿದಳು, ಮಗನನ್ನು ನೋಡಿದಳು, ಮೊದಲ ಸಲ ಟಿಲ್ಲರನ್ನೂ ನೋಡಿದಳು. "ಎದ್ದೇಳ್ಲಾ ಮ್ಯಾಕೆ. ಎಣ್ಣೆ ಹಾಕ್ದೋನು ನೀರು ಹಾಕೋದು ಮರ್ತು ಕುಂತವ್ನೆ" ಎಂದು ಬೈದು ಸೊಸೆಯತ್ತ ತಿರುಗಿದಳು. "ಸಿದ್ದಮ್ಮ, ಹಂಡೆ ಒಲೆಗೆ ತೆಂಗಿನ್ ಮಟ್ಟೆ ತುಂಬು."

ಟ್ಯಾಂಕಿಗೂ ಪೈಪಿಗೂ ಗೋಣಿಚೀಲ ಸುತ್ತಿ, ಕುದಿಯುವ ನೀರು ಸುರಿದರು. ಇಂಜಿನ್ನಿನ ನೀರಿನ ಪೆಟ್ಟಿಗೆಗೂ ಬಿಸಿನೀರನ್ನೇ ತುಂಬಿದರು. ಬೆಳ್ಳಗಿದ್ದದ್ದು ಮೆಲ್ಲಗೆ ತಿಳಿಯಾಯಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು, ಮತ್ತೆ ತಿರುಗಿಸಿದಾಗ ಹಿಡಿದುಕೊಂಡಿತು. ಟಿಲ್ಲರ್ ತೆನೆಯ ಮೇಲೆ ರೋಣಗಲ್ಲು ಎಳೆಯುತ್ತಾ ಕಣ ಸುತ್ತತೊಡಗಿತು. ಗಾಳಿಗೆ ಎಣ್ಣೆ ಮತ್ತೆ ಹೆಪ್ಪಾಗದಿರಲೆಂದು ತಿಮ್ಮಕ್ಕ ಕಣದ ಅಂಚಿನಲ್ಲಿ ಚೊಂಬು ಹಿಡಿದು ನಿಂತಳು. ಅದು ಹತ್ತಿರ ಬಂದಾಗಲೆಲ್ಲ ಗೋಣಿಯ ಮೇಲೆ ನೀರು ಹುಯ್ಯುವಳು. ಸಿದ್ದಮ್ಮ ಹಂಡೆಯಿಂದ ಕಣಕ್ಕೆ, ಕಣದಿಂದ ಹಂಡೆಗೆ ಓಡಿ ಓಡಿ ಸುಸ್ತಾದಳು.

ನಮ್ಮದು ಮುಗಿಸಿಕೊಂಡು ನಾವು ಹೋಗುವ ಹೊತ್ತಿಗೆ ಅವರದ್ದೂ ತುಳಿದಾಗಿತ್ತು. ತೂರುವುದು ಆಮೇಲೆ ಎಂದು ಎಲ್ಲರೂ ಸೇರಿ ಹುಲ್ಲು ಕೊಡವಿ, ಹೊಟ್ಟಿನ ಸಮೇತ ರಾಗಿ ಬಾಚಿ ಚೀಲಕ್ಕೆ ತುಂಬಿ ಒಳಕ್ಕೆ ಸಾಗಿಸಿದೆವು. ಕೊನೆಯ ಚೀಲ ಒಳಗಿಟ್ಟು ಮಾಯಣ್ಣ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮಳೆ ಹುಯ್ಯತೊಡಗಿತು. ನನ್ನ ಎದೆಯೇ ಹಗುರವಾಯಿತು. ಉರಿ ಯಾವಾಗ ಆರಿತೋ ಗೊತ್ತಾಗಲಿಲ್ಲ.

ತಿಮ್ಮಕ್ಕ ಮಾತ್ರ ಬರಿದಾದ ಕಣದ ನಡುವೆಯೇ ತೊಯ್ಯುತ್ತಾ ನಿಂತಿದ್ದಳು.

"ಒಳಿಕ್ಕೆ ಬಾರವ್ವ, ನೆನೀತಿದ್ದೀಯ" ಎಂದು ಮಾಯಣ್ಣ ಬಾಗಿಲಿಂದ ಕೂಗಿದ.

"ನೆಂದ್ರೆ ನಾನೇನು ಮೊಳಿಯಾಕಿಲ್ಲ ಬುಡ್ಲಾ" ಎಂದಳು ತಿಮ್ಮಕ್ಕ.