ವಾಚಿನೊಳಗಿನ ತೂಕ

ನನ್ನ ಸಾಖರಪುಡಾದ ದಿನ ಆತ ಉಂಗುರದ ಜೊತೆಗೆ ಒಂದು ವಾಚನ್ನೂ ತಂದಿದ್ದ. ನಿಶ್ಚಿತಾರ್ಥಕ್ಕೆ ನಮ್ಮ ಚಿಕ್ಕೋಡಿ ಕಡೆ ಸಾಖರಪುಡಾ ಎನ್ನುತ್ತಾರೆ. ಆಗ ನಾನು ಅವನನ್ನು ‘ಅವರು’ ಎಂದೇ ಕರೆಯುತ್ತಿದ್ದೆ. ಈಗ ಆ ಬಹುವಚನ ನಾಲಗೆಗೆ ಬರುವುದಿಲ್ಲ, ಒತ್ತಾಯ ಮಾಡಿ ತರಿಸಿಕೊಳ್ಳುವ ಆಸೆಯೂ ಇಲ್ಲ.

ಅದು ಬರೀ ಗಂಟೆ ತೋರಿಸುವ ವಾಚಾಗಿರಲಿಲ್ಲ. ಹೆಜ್ಜೆ ಎಣಿಸುತ್ತಿತ್ತು, ನಾಡಿ ನೋಡುತ್ತಿತ್ತು, ನಡೆದರೆ ಓಡಿದರೆ ಎಷ್ಟು ಕ್ಯಾಲರಿ ಸುಟ್ಟಿತೆಂದು ಹೇಳುತ್ತಿತ್ತು. ಪಡಸಾಲೆಯಲ್ಲಿ ಎಲ್ಲರ ಮುಂದೆ ಆತ ಅದನ್ನು ನನ್ನ ಎಡಗೈಗೆ ಕಟ್ಟಿದ. ನನ್ನ ಫೋನು ಇಸಿದುಕೊಂಡು ಅದರಲ್ಲಿ ಆ್ಯಪ್ ಹಾಕಿ, ನನ್ನ ವಯಸ್ಸು, ಎತ್ತರ ಎಲ್ಲವನ್ನೂ ತಾನೇ ತುಂಬಿ, ತನ್ನ ಫೋನಿಗೂ ಜೋಡಿಸಿಕೊಂಡ.

“ಇನ್ನ ನೀ ಎಷ್ಟ ಅಡ್ಡಾಡಿದಿ, ಎಷ್ಟ ಕುಂತಿ, ಎಲ್ಲಾ ನನಗ ಇಲ್ಲೇ ಕಾಣತೈತಿ,” ಎಂದ.

ನೆರೆದ ಹೆಂಗಸರು ನಕ್ಕರು. ಆತನ ತಾಯಿ ಪಕ್ಕದಲ್ಲೇ ಕೂತಿದ್ದರು. ಕಾಗವಾಡದಲ್ಲಿ ಅವರದು ದ್ರಾಕ್ಷಿ ತೋಟವಿರುವ ಮನೆತನ. ಅವರು ನನ್ನ ರಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ, “ಮದುವಿ ಮಟಾ ಇಳೀತಾಳ ಬಿಡ್ರಿ,” ಎಂದು ನಮ್ಮವ್ವನಿಗೆ ಸಮಾಧಾನ ಹೇಳಿದರು.

“ಹೌದ್ರಿ, ಇಳೀತಾಳ್ರಿ,” ಎಂದಳು ಅವ್ವ.

ನಾನೂ ನಕ್ಕೆ. ಆದರೆ ಆ ಬೆರಳುಗಳ ಅಂಟು ಸಂಜೆ ಸ್ನಾನ ಮಾಡಿದರೂ ಹೋಗಲಿಲ್ಲ ಅನಿಸಿತು.

ನಾನು ಚಿಕ್ಕೋಡಿಯ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಇರುವವರು ಅಪ್ಪ, ಅವ್ವ, ನಾನು. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಬಟ್ಟೆ ಒಗೆದು, ಲ್ಯಾಬಿಗೆ ಹೋಗಿ, ದಿನವಿಡೀ ನಿಂತು, ಸಂಜೆ ಮನೆಗೆ ಬರುವುದು ನನ್ನ ದಿನಚರಿ. ವಾಚು ಬಂದ ಮೇಲೆ ಇದಕ್ಕೆ ಮುಂಜಾನೆಯ ವಾಕಿಂಗ್ ಸೇರಿಕೊಂಡಿತು. ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸುತ್ತಾ ಹೋಗುವ ರಸ್ತೆಯಲ್ಲಿ ಮೂಗಿಗೆ ಓಡಣಿ ಕಟ್ಟಿಕೊಂಡು ಬಿರುಸಾಗಿ ನಡೆದು ಬರುತ್ತಿದ್ದೆ.

ಸಂಜೆಯಾಗುತ್ತಲೇ ಆತನ ಮೆಸೇಜು ಬರುತ್ತಿತ್ತು.

“ಇವತ್ತ ಇಷ್ಟ ಏನು?”

ಜೊತೆಗೆ ತನ್ನ ವಾಚಿನ ಫೋಟೋ. ಅದರಲ್ಲಿ ಸುಟ್ಟ ಕ್ಯಾಲರಿಯ ಅಂಕಿ ಯಾವಾಗಲೂ ನನ್ನದರ ದುಪ್ಪಟ್ಟು. ಆತ ಬೆಳೆಗಳಿಗೆ ಹಾಕುವ ಔಷಧಿ, ಗೊಬ್ಬರದ ಒಂದು ಕಂಪನಿಯ ಮಾರಾಟದ ಕೆಲಸದಲ್ಲಿದ್ದ. ದಿನವೆಲ್ಲ ಬೈಕಿನ ಮೇಲೆ ಅಥಣಿ, ರಾಯಬಾಗದ ಹಳ್ಳಿಗಳನ್ನು ಸುತ್ತುತ್ತಿದ್ದ. ಸಂಜೆ ಜಿಮ್ಮಿಗೂ ಹೋಗುತ್ತೇನೆ ಎನ್ನುತ್ತಿದ್ದ. ನನ್ನ ಅಂಕಿ ಕಡಿಮೆಯಾದ ದಿನ ಫೋನೇ ಬರುತ್ತಿತ್ತು.

“ನೀ ಖರೇನ ನಡೀತೀಯೋ, ಇಲ್ಲಾ ಯಾರ ಕೂಡರೇ ಮಾತಾಡ್ಕೋತ ನಿಂದರತೀಯೋ?”

“ನಡೀತೇನ್ರಿ. ಬೆವರ ಇಳಿಯೂ ಹಂಗ ನಡೀತೇನಿ.”

“ವಾಚ್ ಸುಳ್ಳ ಹೇಳಂಗಿಲ್ಲ. ರಾತ್ರಿ ಅನ್ನ ಬಿಡು.”

ಅನ್ನ ಬಿಟ್ಟೆ. ಆಮೇಲೆ ಸಂಜೆಯ ಚಹಾಕ್ಕೆ ಸಕ್ಕರೆ ಬಿಟ್ಟೆ. ಆತ ಅವ್ವನಿಗೂ ಫೋನು ಮಾಡಿ ಹೇಳಿದ್ದನಂತೆ. ಒಂದು ದಿನ ಊಟಕ್ಕೆ ಕೂತರೆ ಶೇಂಗಾ ಚಟ್ನಿಯ ಡಬ್ಬಿ ಕಾಣಲಿಲ್ಲ. ಹುಡುಕಿದರೆ ಅವ್ವ ಅದನ್ನು ದೇವರ ಕೋಣೆಯ ಅಟ್ಟದ ಮೇಲೆ ಇಟ್ಟಿದ್ದಳು.

“ಅವ್ವಾ, ಅದನ್ನ ಅಲ್ಯಾಕ ಇಟ್ಟಿ?”

“ಎಣ್ಣಿ ಭಾಳ ಇರತೈತಿ ಅಂತವ್ವಾ ಅದರಾಗ. ಅವರ ಹೇಳ್ಯಾರ. ಇನ್ನ ಎರಡ ತಿಂಗಳ ತಡಿ, ಮದುವಿ ಆದ ಮ್ಯಾಲ ಬೇಕಾದ್ದ ತಿನ್ನು.”

ಹಡೆದ ತಾಯಿ ಮಗಳ ಊಟವನ್ನು ಅಟ್ಟಕ್ಕೇರಿಸಿ ಬಚ್ಚಿಡುವುದನ್ನು ಕಂಡು ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು. ಒಣ ರೊಟ್ಟಿಯನ್ನು ಪಲ್ಯದ ನೀರಿಗೆ ಅದ್ದಿ ತಿಂದು ಎದ್ದೆ.

ಆ ದಿನಗಳಲ್ಲಿ ವಾಚನ್ನು ನೋಡಿದರೇ ಹೇಸಿಗೆಯಾಗುತ್ತಿತ್ತು. ಅದರ ರಬ್ಬರಿನ ಪಟ್ಟಿಯ ಕೆಳಗೆ ಬೆವರು, ಸಾಬೂನು, ಜೋಳದ ಹಿಟ್ಟು ಸೇರಿ ಒಂದು ಹುಳಿ ವಾಸನೆ. ಲ್ಯಾಬಿನಲ್ಲಿ ನಾನು ದಿನಕ್ಕೆ ಎಷ್ಟೋ ಸಲ ಮಲಮೂತ್ರದ ಡಬ್ಬಿಗಳನ್ನು ಮುಟ್ಟುತ್ತೇನೆ, ಎಂದೂ ಮೂಗು ಮುರಿದವಳಲ್ಲ. ಆ ಪಟ್ಟಿಯ ವಾಸನೆಯನ್ನು ಮಾತ್ರ ತಡೆಯಲಾಗುತ್ತಿರಲಿಲ್ಲ. ಬಿಚ್ಚಿಟ್ಟರೆ ಆತನ ಫೋನಿಗೆ ತಿಳಿಯುತ್ತಿತ್ತು. “ಯಾಕ ತಗದಿ?” ಎಂದು ಕೂಡಲೇ ಕೇಳುತ್ತಿದ್ದ.

ಅದರ ಲೆಕ್ಕವೂ ವಿಚಿತ್ರವಾಗಿತ್ತು. ಒಲೆಯ ಮುಂದೆ ಕೂತು ರಾಶಿ ರೊಟ್ಟಿ ಬಡಿದು, ಬೆನ್ನೆಲ್ಲ ತೊಯ್ದು ತೊಪ್ಪೆಯಾದರೂ ಅದು ಏನೂ ಆಗಿಯೇ ಇಲ್ಲ ಎಂಬಂತೆ ಸುಮ್ಮನಿರುತ್ತಿತ್ತು. ಬಡಿಯುವುದು ಬಲಗೈ, ವಾಚಿರುವುದು ಎಡಗೈಯಲ್ಲಿ. ಒಮ್ಮೆ ನಿಪ್ಪಾಣಿಗೆ ಸಂಬಂಧಿಕರ ಮನೆಗೆ ಹೊರಟಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದೆ. ತಗ್ಗುದಿಣ್ಣೆಯ ರಸ್ತೆಯಲ್ಲಿ ಬಸ್ಸು ಕುಲುಕಿ ಕುಲುಕಿ, ಮಣಿಕಟ್ಟಿನಲ್ಲಿ ವಾಚು ಗುರ್ರೆಂದು ನನ್ನನ್ನು ಎಬ್ಬಿಸಿತು. ಶಾಬಾಸ್, ಇವತ್ತಿನ ಗುರಿ ಮುಟ್ಟಿದೆ ಎಂದು ಹೇಳುತ್ತಿತ್ತು. ಆ ಸಂಜೆ ಆತನ ಮೆಸೇಜಿನಲ್ಲಿ ಮೊದಲ ಸಲ ಹೊಗಳಿಕೆ ಇತ್ತು. “ಹಿಂಗ ದಿನಾ ಮಾಡು.” ನಾನು ಬಸ್ಸಿನಲ್ಲಿ ನಿದ್ದೆ ಮಾಡಿದ್ದೆ ಎಂದು ಹೇಳಲಿಲ್ಲ. ಹೊಗಳಿಸಿಕೊಂಡು ಹಗುರಾದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇದಾದ ಕೆಲವು ದಿನಕ್ಕೆ ಲ್ಯಾಬಿನಲ್ಲಿ ಒಬ್ಬ ಹೆಂಗಸಿನ ರಕ್ತ ತೆಗೆಯುವಾಗ ನನ್ನ ಕೈ ನಡುಗಿ ಸೂಜಿ ನರ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಆಕೆ ನೋವು ನುಂಗಿಕೊಂಡು ನನ್ನ ಮುಖ ನೋಡಿದಳು.

“ಏನ ಯವ್ವಾ, ಉಪಾಸ ಬಂದವಳು ನಾನೋ ನೀನೋ?”

ನನಗೆ ಕಣ್ಣು ಕತ್ತಲಿಟ್ಟಂತಾಗಿ ಸ್ಟೂಲಿನ ಮೇಲೆ ಕುಸಿದೆ. ನಮ್ಮ ಲ್ಯಾಬಿನ ಡಾಕ್ಟರು, ಐವತ್ತು ದಾಟಿದ ಹೆಣ್ಣುಮಗಳು, ಒಳಗೆ ಕರೆದುಕೊಂಡು ಹೋಗಿ ಬಿಸ್ಕೀಟು, ಸಕ್ಕರೆ ಹಾಕಿದ ಚಹಾ ಕೊಟ್ಟು ವಿಚಾರಿಸಿದರು. ನಾನು ಕೈ ಮುಂದೆ ಮಾಡಿ ವಾಚು ತೋರಿಸಿದೆ. ನಡೆದದ್ದೆಲ್ಲ ಹೇಳಿದೆ.

“ಇದರ ಮಾತ ಕೇಳಿ ಊಟಾ ಬಿಟ್ಟಿಯಾ?” ಎಂದರು. “ಕುಂತಾಗ ನಿಂತಾಗ ನಾಡಿ ಏನೋ ಬರೋಬ್ಬರಿ ಹಿಡೀತೈತಿ. ಆದ್ರ ಕ್ಯಾಲರಿ ಅನ್ನೂದು ಬರೇ ಅಂದಾಜ. ಖರೇ ಅಳೀಬೇಕಂದ್ರ ಮಾರಿಗೆ ಮಾಸ್ಕ್ ಕಟ್ಟಿ ಉಸರ ಹಿಡದ ನೋಡಬೇಕು. ಇದು ಕೈ ಎಷ್ಟ ಅಲಗಾಡ್ತು, ನಾಡಿ ಎಷ್ಟ ಏರ್ತು ನೋಡಿ, ಅದರಾಗ ತುಂಬಿದ ವಯಸ್ಸು, ಎತ್ತರ, ತೂಕದ ಮ್ಯಾಲ ಲೆಕ್ಕ ಹಾಕತೈತಿ. ಒಬ್ಬರಿಗೆ ಹೆಚ್ಚ ತೋರಸ್ತೈತಿ, ಒಬ್ಬರಿಗೆ ಕಡಿಮಿ. ನಾವು ಮುಂಜಾನೆ ಕಂಟ್ರೋಲ್ ಹಾಕಿ ನೋಡಲಾರದ ಒಂದರೇ ರಿಪೋರ್ಟ್ ಕೊಡತೇವೇನು?”

ಕೊಡುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಹಾಕಿ, ಯಂತ್ರ ಸರಿಯಾಗಿ ಹೇಳಿದರೆ ಮಾತ್ರ ರೋಗಿಯ ರಕ್ತ ಹಾಕುತ್ತೇವೆ. ನಿತ್ಯ ಆ ಕೆಲಸ ಮಾಡುವವಳು ನಾನೇ. ಆ ಸಂಜೆ ಆತನಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆತ ನಕ್ಕುಬಿಟ್ಟ.

“ದಪ್ಪ ಇದ್ದವರಿಗೆಲ್ಲಾ ವಾಚ್ ಸುಳ್ಳ ಅನಸ್ತೈತಿ.”

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆತನ ತಾಯಿ ನಮ್ಮನ್ನು ಕಾಗವಾಡಕ್ಕೆ ಊಟಕ್ಕೆ ಕರೆದರು. ಅವ್ವನಿಗೆ ಮೊಣಕಾಲು ನೋವಿದ್ದುದರಿಂದ ಅಪ್ಪ ಮತ್ತು ನಾನು ನಮ್ಮ ಹಳೆಯ ಕಾರಿನಲ್ಲಿ ಹೋದೆವು. ಅಪ್ಪ ಪಡಸಾಲೆಯಲ್ಲಿ ಆತನ ತಂದೆಯ ಜೊತೆ ಮಾತಿಗೆ ಕೂತರು. “ಊಟಕ್ಕ ಇನ್ನೂ ಹೊತ್ತೈತಿ, ತ್ವಾಟಾ ನೋಡಿಕೊಂಡ ಬರ್ರಿ,” ಎಂದು ಆತನ ತಾಯಿ ಆತನನ್ನೂ ನನ್ನನ್ನೂ ಕಳಿಸಿದರು. ಇಬ್ಬರೂ ಬದುವಿನ ಮೇಲೆ ಹಾಯ್ದು, ತೋಟವನ್ನೆಲ್ಲ ಒಂದು ಸುತ್ತು ಹಾಕಿ ಬಂದೆವು. ಅದೇ ದಾರಿ, ಅದೇ ಬಿಸಿಲು. ಆತ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಆತ ಮಾತಾಡಿದ್ದು ತನ್ನ ಜಿಮ್ಮಿನ ಬಗ್ಗೆ.

ಊಟಕ್ಕೆ ಕೂತಾಗ ಹೋಳಿಗೆ ಬಡಿಸಿದರು. ಹೆಂಗಸರು ಒಳಗೆ ಅಡುಗೆಮನೆಯಲ್ಲಿ ಎಂದು ನನ್ನ ತಾಟು ಅಲ್ಲಿತ್ತು. ಆತ ಕಟ್ಟೆಯ ಮೇಲಿದ್ದ ನನ್ನ ಫೋನು ಎತ್ತಿಕೊಂಡು, ಬಾಗಿಲಲ್ಲಿ ನಿಂತು ತನ್ನದನ್ನೂ ನನ್ನದನ್ನೂ ತಾಯಿಗೆ ತೋರಿಸಿದ.

“ನೋಡಬೇ ಅವ್ವಾ, ಇಬ್ಬರೂ ಕೂಡೇ ಅಡ್ಡಾಡಿ ಬಂದೇವಿ. ಈಕಿ ನನ್ನ ಅರ್ಧಾನೂ ಸುಟ್ಟಿಲ್ಲ.”

“ಹೌದೇನು?” ಎಂದ ಆ ತಾಯಿ ಬಗ್ಗಿ ನನ್ನ ತಾಟಿಗೆ ಕೈ ಹಾಕಿದರು. ತುಪ್ಪ ಸುರಿದ ಎರಡು ಹೋಳಿಗೆಗಳಲ್ಲಿ ಒಂದನ್ನು ಎತ್ತಿ ತಿರುಗಿ ಬುಟ್ಟಿಗೆ ಹಾಕಿದರು. ನಾನಾಗಲೇ ಅದರ ತುದಿ ಮುರಿದಿದ್ದೆ. ಬೆರಳಿಗಂಟಿದ ತುಪ್ಪವನ್ನು ಅವರು ತಾಟಿನ ಅಂಚಿಗೆ ಒರೆಸಿ, “ಒಂದ ಸಾಕವ್ವಾ ನಿನಗ,” ಎಂದರು.

ನಾನು ತಾಟು ಪಕ್ಕಕ್ಕೆ ಸರಿಸಿದೆ. ಎದ್ದು ಕೈ ತೊಳೆದೆ. ಆತನ ಕೈಯಿಂದ ನನ್ನ ಫೋನು ಇಸಿದುಕೊಂಡೆ. ಇಬ್ಬರೂ ನಡೆದದ್ದು ಒಂದೇ ದಾರಿಯಾದರೆ ಇಷ್ಟೊಂದು ಅಂತರ ಎಲ್ಲಿಂದ ಬಂತು ಎಂದು ಆ್ಯಪಿನಲ್ಲಿ ನನ್ನ ಮಾಹಿತಿ ತೆರೆದೆ. ಅಲ್ಲಿಯವರೆಗೆ ಅದನ್ನು ತೆರೆದು ನೋಡುವ ಯೋಚನೆಯೇ ನನಗೆ ಬಂದಿರಲಿಲ್ಲ. ವಯಸ್ಸು ಸರಿ ಇತ್ತು. ಎತ್ತರ ಸರಿ ಇತ್ತು. ತೂಕದ ಜಾಗದಲ್ಲಿ ಐವತ್ತು ಕಿಲೋ ಎಂದಿತ್ತು. ನಾನು ಎಪ್ಪತ್ತರ ಹತ್ತಿರ ಇದ್ದೇನೆ.

“ಇದು ಯಾರ ತೂಕಾರಿ?”

ಆತ ಒಂದಿಷ್ಟೂ ಅಳುಕಲಿಲ್ಲ. “ನಿಂದ. ಮದುವಿ ಹೊತ್ತಿಗೆ ಅಷ್ಟ ಆಗಬೇಕಲ್ಲಾ, ಅದಕ್ಕ ನಾನ ಹಾಕೇನಿ.”

“ಗುರಿ ಹಾಕಾಕ ಬ್ಯಾರೆ ಜಾಗಾ ಐತಿ. ಇಲ್ಲಿ ಈಗಿನ ತೂಕಾ ಹಾಕಬೇಕು. ಐವತ್ತ ಕಿಲೋದ ಮೈ ನಡದ್ರ ಎಷ್ಟ ಖರ್ಚ ಆಗತೈತಿ ಅಂತ ಇದು ಇಷ್ಟ ದಿನಾ ಲೆಕ್ಕ ಹಾಕೇತಿ. ನನ್ನ ಮೈದು ಅಲ್ಲ.”

“ಗೊತ್ತೈತಿ,” ಎಂದ. “ಖರೇ ತೂಕಾ ಹಾಕಿದ್ರ ಹೆಚ್ಚ ತೋರಸ್ತೈತಿ. ನೀ ಅದನ್ನ ನೋಡಿ ಕುಂತಬಿಡತಿ. ನಿನ್ನ ಒಳ್ಳೇದಕ್ಕ ಮಾಡೇನಿ.”

ಗೊತ್ತಿತ್ತು ಆತನಿಗೆ. ಗೊತ್ತಿದ್ದೇ ಪ್ರತಿ ಸಂಜೆ ಇಷ್ಟ ಏನು ಎಂದು ಕೇಳುತ್ತಿದ್ದ, ಅನ್ನ ಬಿಡಿಸುತ್ತಿದ್ದ. ಇಲ್ಲದ ಒಬ್ಬ ಹುಡುಗಿಯನ್ನು ವಾಚಿನಲ್ಲಿ ಕೂರಿಸಿ, ಆಕೆಯ ಲೆಕ್ಕದಲ್ಲಿ ನನ್ನನ್ನು ಉಪವಾಸ ಕೆಡವಿದ್ದ. ಆ ನಿಮಿಷದಲ್ಲಿ ಆತನ ಮೈಯಿಂದ ಬರುತ್ತಿದ್ದ ಸೆಂಟಿನ ವಾಸನೆ, ಒಲೆಯ ಮೇಲಿನ ಕಟ್ಟಿನ ಸಾರಿನ ವಾಸನೆ, ಬುಟ್ಟಿಯಲ್ಲಿ ನನ್ನ ಎಂಜಲಾದ ಹೋಳಿಗೆ ಎಲ್ಲ ಸೇರಿ ಅಲ್ಲಿ ನಿಲ್ಲಲಾಗಲಿಲ್ಲ. ಪಟ್ಟಿ ಬಿಚ್ಚಿದೆ. ಕೆಳಗಿನ ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗಾಗಿ, ಸುತ್ತ ಕೆಂಪು ದದ್ದು ಎದ್ದಿತ್ತು. ವಾಚನ್ನೂ ಉಂಗುರವನ್ನೂ ಕಟ್ಟೆಯ ಮೇಲಿಟ್ಟು ಪಡಸಾಲೆಗೆ ಬಂದೆ.

“ಅಪ್ಪಾ, ನಡೀರಿ. ಮನಿಗೆ ಹೋಗೂಣು.”

ಅಪ್ಪನ ಊಟ ಇನ್ನೂ ಅರ್ಧವಾಗಿತ್ತು. ನನ್ನ ಮುಖ ನೋಡಿ ಎದ್ದು ಕೈ ತೊಳೆದರು. ಬೀಗರು ಏನಾಯಿತು, ಏನಾಯಿತು ಎಂದು ಹಿಂದೆ ಬಂದರು. ನಾನು ಕಾರಿನಲ್ಲಿ ಕೂತುಬಿಟ್ಟೆ.

ದಾರಿಯಲ್ಲಿ ಎಲ್ಲ ಹೇಳಿದೆ. ಅಪ್ಪ ಕೃಷ್ಣೆಯ ಸೇತುವೆ ದಾಟಿದರು. ಆಮೇಲೆ ಕಾರು ಪಕ್ಕಕ್ಕೆ ನಿಲ್ಲಿಸಿ, “ನನಗ ಯಾಕ ಮೊದಲ ಹೇಳಲಿಲ್ಲ?” ಎಂದರು.

“ನೀವೂ ಇಳೀಲಿ ಅಂತೀರಿ ಅನಕೊಂಡೆ.”

ಅವರು ತಲೆ ತಗ್ಗಿಸಿ ಸ್ಟೀರಿಂಗ್ ನೋಡುತ್ತಾ ಕೂತರು. ಬಹುಶಃ ಅವರೂ ಹಾಗೆ ಅಂದುಕೊಂಡಿದ್ದರು.

ಅವ್ವನದು ಬೇರೆಯೇ ರಗಳೆ. “ಒಂದ ವಾಚಿನ ಸಲುವಾಗಿ ಮದುವಿ ಮುರೀತೀಯೇನ?” ಎಂದು ಅತ್ತಳು. ಸಂಬಂಧಿಕರೂ ಅದನ್ನೇ ಹಿಡಿದುಕೊಂಡರು. ಫೋನಿನಲ್ಲಿ ಒಬ್ಬರಾದ ಮೇಲೆ ಒಬ್ಬರು. ಹುಡುಗ ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಆರೋಗ್ಯದ ಕಾಳಜಿ ಮಾಡುತ್ತಾನೆ, ಇನ್ನೇನು ಬೇಕು ಎನ್ನುವುದು ಅವರ ವಾದ. ಹೊಡೆಯದೇ ಇರುವುದನ್ನೂ ಒಂದು ಗುಣವೆಂದು ಲೆಕ್ಕ ಹಿಡಿಯುವ ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ವಾರದೊಳಗೆ ಆತನೇ ಫೋನು ಮಾಡಿದ. ಕ್ಷಮೆ ಕೇಳುತ್ತಾನೇನೋ ಎಂದು ಅವ್ವ ಪಕ್ಕದಲ್ಲೇ ಬಂದು ನಿಂತಳು. ಸ್ಪೀಕರ್ ಹಾಕಿದೆ.

“ಸಿಟ್ಟ ಇಳೀತೇನ? ನಿನ್ನ ತೂಕಾ ಸರಿ ಮಾಡೇನಿ. ಈಗ ಮೊದಲಿಗಿಂತಾ ಛಲೋ ತೋರಸ್ತೈತಿ ನೋಡು. ವಾಚ್ ಕಳಸಲೇನು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು, “ನಿಮ್ಮವ್ವ ಈಕಿ ತಾಟಿನಾಗಿಂದ ಹೋಳಗಿ ತಗದದ್ದು ಖರೇ ಏನ?” ನಾನು ಹೇಳಿದ್ದನ್ನು ಅಲ್ಲಿಯವರೆಗೆ ಅವಳು ನಂಬಿರಲಿಲ್ಲವೆಂದು ಕಾಣುತ್ತದೆ.

ಆ ಕಡೆಯಿಂದ ಆತ ನಕ್ಕ. “ಅದೇನ ದೊಡ್ಡ ಮಾತ್ರಿ? ಒಂದ ಬಿಟ್ಟಿದ್ಳಲ್ಲಾ.”

“ಇಡಪ್ಪಾ ಫೋನ್,” ಎಂದಳು ಅವ್ವ. “ನಮಗ ಈ ಸಂಬಂಧಾ ಬ್ಯಾಡ.”

ಮಾತು ಅಲ್ಲಿಗೆ ಮುಗಿಯಿತು. ಸಂಬಂಧ ತಂದಿದ್ದ ಮಧ್ಯಸ್ಥರಿಗೆ ಮರುದಿನ ಅಪ್ಪ ಹೇಳಿ ಕಳಿಸಿದರು. ಅವ್ವ ಅಂದಿನಿಂದ ನನ್ನ ತಾಟಿಗೆ ಕೇಳದೆಯೇ ಒಂದು ರೊಟ್ಟಿ ಹೆಚ್ಚು ಹಾಕತೊಡಗಿದಳು. ಅದೂ ನನಗೆ ಸೇರುತ್ತಿರಲಿಲ್ಲ. ಕಡಿಮೆ ಮಾಡಿದ ಕೈಯೇ ಈಗ ಹೆಚ್ಚು ಮಾಡುತ್ತಿತ್ತು, ನನ್ನ ಹಸಿವನ್ನು ಮಾತ್ರ ಆಗಲೂ ಯಾರೂ ಕೇಳಲಿಲ್ಲ. ಕೆಲವು ದಿನ ನೋಡಿ ಕೊನೆಗೆ ಹೇಳಿದೆ.

“ಅವ್ವಾ, ಬುಟ್ಟಿ ಇಲ್ಲೇ ಇಡು. ನನಗ ಬೇಕಾದಷ್ಟು ನಾನ ಹಾಕ್ಕೋತೇನಿ.”

ಅವ್ವ ನನ್ನನ್ನೊಮ್ಮೆ ನೋಡಿ, ರೊಟ್ಟಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿ, ತನ್ನ ತಾಟು ತೆಗೆದುಕೊಂಡು ಎದುರಿಗೆ ಕೂತಳು.