ಅಪ್ಪಯ್ಯನ ಅಂಗಾಲಿಗೆ ಮಸಿ

ಶಿರಸಿ ಪೇಟೆಯಲ್ಲಿ ಕಾಲಿಗೆಂದೇ ಒಂದು ದವಾಖಾನೆ ತೆರೆದಿದೆ ಎಂದು ಕೇಳಿದಾಗ ನನಗೆ ಮೊದಲು ಬಂದದ್ದು ನಗು, ಆಮೇಲೆ ಅನುಮಾನ. ಹೆಚ್ಚಿನವರು ಬರಿಗಾಲಲ್ಲಿ ನಡೆಯುವ ಸೀಮೆಯಲ್ಲಿ ಕಾಲಿನ ವೈದ್ಯನಿಗೆ ಗಿರಾಕಿಗಳ ಬರ ಬೀಳುವುದುಂಟೇ? ಯಾರೋ ಚಾಲಾಕಿ ಜಾಗ ನೋಡಿಯೇ ಬಂದಿದ್ದಾನೆ ಎಂದುಕೊಂಡೆ. ದಂಡಿನಲ್ಲಿ ಕಂಪೌಂಡರ್ ಆಗಿದ್ದನಂತೆ, ಹಾವೇರಿ ಕಡೆಯವನಂತೆ. ‘ಅಂತೆ’ಗಳ ಮೇಲೆ ನಿಂತ ವಾದವನ್ನು ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಎಂದೂ ಒಪ್ಪಿದವನಲ್ಲ.

ಆದರೂ ರಜೆಗೆ ಊರಿಗೆ ಬಂದ ನಾನೇ ಅಪ್ಪಯ್ಯನನ್ನು ಅಲ್ಲಿಗೆ ಕರೆದೊಯ್ಯಬೇಕಾಯಿತು. ಅಪ್ಪಯ್ಯನದು ಪೌರೋಹಿತ್ಯ. ಸೋಂದೆ, ಹೆಗಡೆಕಟ್ಟೆ, ಎಲ್ಲಿಂದ ಪೂಜೆಗೆ ಹೇಳಿಕೆ ಬಂದರೂ ನಡೆದೇ ಹೋಗಬೇಕು. ಹಿಮ್ಮಡಿ ಒಡೆದರೆ ಎಲ್ಲರಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಗೇರೆಣ್ಣೆಯನ್ನು ಬಿಸಿ ಮಾಡಿ ಸವರುವುದು ರೂಢಿ. ಉಳಿದವರು ಉರಿಗೆ ಕುಣಿದಾಡಿದರೆ ಅಪ್ಪಯ್ಯ ಮಾತ್ರ ಸುಮ್ಮನೆ ಕೂತಿರುತ್ತಿದ್ದ. ಅದನ್ನು ಧೈರ್ಯವೆಂದು ಹೊಗಳಿದವರಲ್ಲಿ ನಾನೂ ಒಬ್ಬ. ಈಗ ಬಲ ಹೆಬ್ಬೆರಳಿನ ಬುಡದಲ್ಲಿ ಕಪ್ಪು ಎಣ್ಣೆಯ ಕೆಳಗೆ ಏನೋ ಕೊಳೆಯುತ್ತಿತ್ತು. ವಾಸನೆ ತಾಳಲಾರದೆ ಅಮ್ಮ ಹಟ ಹಿಡಿದಳು. “ನೋವೇ ಇಲ್ಲೆ, ಮದ್ದೆಂತಕ್ಕೆ?” ಎಂದ ಅಪ್ಪಯ್ಯ. ನೋವಿಲ್ಲದಿದ್ದರೆ ಅಪಾಯವೂ ಇಲ್ಲ. ತರ್ಕ ನನಗೂ ಸರಿಯೆನಿಸಿತ್ತು.

ಕಂಪೌಂಡರ್ ಗಾಯ ನೋಡುವ ಮೊದಲು ಒಂದು ಹತ್ತಿಯ ಬತ್ತಿ ಹೊಸೆದ.

“ಕಣ್ ಮುಚ್ಚರಿ, ಭಟ್ರ. ಮುಟ್ಟಿದ ಕೂಡ್ಲೆ ‘ಹೂಂ’ ಅನ್ರಿ.”

ನಾನು ಅಡ್ಡ ಬಂದೆ. “ಕಣ್ಣು ಯಾಕೆ ಮುಚ್ಚಬೇಕು? ಜಾದೂಗಾರರೂ ಹೀಗೇ ಹೇಳುತ್ತಾರೆ.”

“ಕಣ್ಣು ಬಿಟ್ರ ಕಾಲಿನ ಬದ್ಲಿ ಕಣ್ಣ ಉತ್ತರಾ ಕೊಡತೈತ್ರಿ.”

“ನೀವು ಮುಟ್ಟದೆಯೇ ಮುಟ್ಟಿದೆ ಅಂದರೆ?”

ಅವನು ನಕ್ಕು ಬತ್ತಿಯನ್ನು ನನ್ನ ಕೈಗೇ ಕೊಟ್ಟ. “ಹಂಗಾರ ನೀವ ಮುಟ್ರಿ, ವಕೀಲಸಾಹೇಬ್ರ.”

ಮೊಣಕಾಲಿನ ಕೆಳಗೆ ಮುಟ್ಟಿದೆ. “ಹೂಂ.” ಪಾದದ ಮೇಲೆ ಮುಟ್ಟಿದೆ. ಸ್ವಲ್ಪ ತಡೆದು, “ಹೂಂ.” ಅಂಗಾಲಿಗೆ ಬಂದೆ. ಹಿಮ್ಮಡಿ, ನಡು, ಬೆರಳುಗಳ ಬುಡ. ಮತ್ತೆ ಹಿಮ್ಮಡಿ, ಈ ಸಲ ಒತ್ತಿಯೇ.

“ಎಂತ ತಡ ಮಾಡ್ತ್ಯಾ? ಶುರು ಮಾಡಾ,” ಎಂದ ಅಪ್ಪಯ್ಯ.

ಬತ್ತಿಯನ್ನು ಹಿಂದೆ ತೆಗೆದೆ. ಮುಟ್ಟಿಯಾಯಿತು ಎಂದೆ. ಅಪ್ಪಯ್ಯ ಸಿಟ್ಟಿನಿಂದ ಕಣ್ಣು ಬಿಟ್ಟ. “ಸುಳ್ಳು ಹೇಳಡ. ನೀನೂ ಅವನ ಕಡೆ ಸೇರ್ಕಂಡ್ಯಾ? ಧಾರವಾಡಕ್ಕೆ ಕಳ್ಸಿದ್ದು ಇದ್ಕನಾ?”

ಇಷ್ಟು ಹೊತ್ತು ಕಂಪೌಂಡರನ ಮೇಲಿದ್ದ ಸಂಶಯ ಈಗ ನನ್ನ ಮೇಲೆ ತಿರುಗಿತ್ತು. ವಾದಿಸಿದೆ, ಆಣೆ ಹಾಕಿದೆ. ಅಪ್ಪಯ್ಯ ಹೊರಡಲು ಎದ್ದೇಬಿಟ್ಟ. ಹೀಗೇ ಹೋದರೆ ಆ ಕಾಲು ಉಳಿಯುವುದಿಲ್ಲ ಎಂದು ಕಂಪೌಂಡರನ ಮುಖವೇ ಹೇಳುತ್ತಿತ್ತು. ಮೇಜಿನ ಮೇಲೆ ಮಸಿ ಕುಡಿಕೆ ಕಂಡಿತು.

“ಇನ್ನೊಂದೇ ಸಲ ಕಣ್ಮುಚ್ಚಿ ಕೂತ್ಕ, ಅಪ್ಪಯ್ಯ. ಎಷ್ಟು ಸಲ ಮುಟ್ಟಿದೆ ಅಂತ ನೀನೇ ಲೆಕ್ಕ ಇಡು.”

ಬತ್ತಿಯನ್ನು ಮಸಿಯಲ್ಲಿ ಅದ್ದಿ ಅದ್ದಿ ಮುಟ್ಟಿದೆ. ಅಪ್ಪಯ್ಯ ಒಂದು ಸಲವೂ ‘ಹೂಂ’ ಅನ್ನಲಿಲ್ಲ. ಆಮೇಲೆ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ನೋಡಿದ. ಅಂಗಾಲಿನ ಬಿಳಿಚಿದ ಚರ್ಮದ ಮೇಲೆ ಏಳು ನೀಲಿ ಚುಕ್ಕೆಗಳಿದ್ದವು. ಒಂದೊಂದನ್ನೂ ಬೆರಳಿನಿಂದ ಒರೆಸಿ ನೋಡಿದ. ಬೆರಳಿಗೆ ಮಸಿ ಹತ್ತಿತು.

“ಗೇರೆಣ್ಣಿ ಬಿಡ್ರಿ,” ಎಂದ ಕಂಪೌಂಡರ್ ಮೆಲ್ಲಗೆ. “ಅದು ಸುಟ್ಟದ್ದೂ ನಿಮಗ ತಿಳದಿಲ್ಲ. ದಿನಾ ಬರ್ರಿ, ತೊಳದು ಕಟ್ಟೋಣು. ಗಾಯ ಮಾಯೂತನಕಾ ನಡಿಯೂದು ಬ್ಯಾಡ.”

ಗ್ಯಾರಂಟಿ ಏನು ಎಂದು ಕೇಳುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಉತ್ತರಕ್ಕೆ ಹೆದರಿ ಕೇಳಲಿಲ್ಲ. ಅವನು ತಾಮ್ರದ ಬೋಗುಣಿಯಲ್ಲಿ ನೀರು ತಂದಿಟ್ಟ; ಹಬೆಯಾಡುತ್ತಿತ್ತು. ಅಪ್ಪಯ್ಯ ಕಾಲನ್ನು ನೀರಿನ ಮೇಲೆಯೇ ಹಿಡಿದು ನನ್ನ ಕಡೆ ನೋಡಿದ.

“ಸುಡ್ತನಾ ತಮಾ, ನೋಡು.”

ಮಣಿಕಟ್ಟಿನವರೆಗೆ ಕೈ ಇಳಿಸಿದೆ. “ಹದಾ ಇದ್ದು, ಅಪ್ಪಯ್ಯ. ಇಡು.”

ಅಪ್ಪಯ್ಯ ಕಾಲಿಟ್ಟ.