ಬೀಗ ಹಾಕಿದ ಕೋಣೆಗೆ ಹೋದ ಫೋಟೋಗಳು

‘ಟಿಂಗ್!’ ಬೀಗ ಹಾಕಿದ ಬಾಗಿಲಿನ ಆಚೆಯಿಂದ ಬಂದ ಆ ಪುಟ್ಟ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಕೋವಿಡ್ ಕಳೆದ ಮರುವರ್ಷ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಿಂದ ರಿಟೈರ್ ಆಗಿ, ನಮ್ಮ ಬಡಾವಣೆ ಹಿಮಾಯತ್‌ನಗರದ ಮನೆಗಳ ಹಳೆಯ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದೆ. ಕಲಬುರ್ಗಿ ಕಡೆಯ ವೆಂಕಟರಾಯರ ಡೆಸ್ಕ್‌ಟಾಪ್, ಅವರ ಹೆಂಡತಿ ಸುಮಿತ್ರಾಬಾಯಿಯ ಲ್ಯಾಪ್‌ಟಾಪ್ ಎರಡಕ್ಕೂ ಹಾಕಿಕೊಟ್ಟವಳು ನಾನೇ. ಫೈಲ್ ಶೇರಿಂಗ್ ಅದರಲ್ಲಿ ವೆರಿ ಸಿಂಪಲ್. ಒಂದೇ ವೈಫೈ, ಒಂದೇ ಗ್ರೂಪ್ ಕೋಡ್ ಇದ್ದರೆ ಆಚೆಯವರ ಹೆಸರು, ಫೋಟೋ ಸ್ಕ್ರೀನಿನಲ್ಲಿ ಮೂಡುತ್ತದೆ. ಫೈಲನ್ನು ಎಳೆದು ಅದರ ಮೇಲೆ ಬಿಟ್ಟರಾಯಿತು. ಆಚೆಯವರು ‘ಅಕ್ಸೆಪ್ಟ್’ ಒತ್ತಬೇಕು, ಅಷ್ಟೆ.

ರಾಯರು ತೀರಿಕೊಂಡ ಐದನೆಯ ತಿಂಗಳು ಸುಮಿತ್ರಾಬಾಯಿಯವರ ಫೋನ್ ಬಂತು. ಹೋದೆ. ಪಂಚಕ ನಕ್ಷತ್ರದಲ್ಲಿ ತೀರಿಕೊಂಡ ದೋಷವೆಂದು, ಪದ್ಧತಿಯಂತೆ, ಅವರು ಪ್ರಾಣ ಬಿಟ್ಟ ಕೋಣೆಗೆ ಆರು ತಿಂಗಳ ಬೀಗ ಬಿದ್ದಿತ್ತು.

“ಇವರಿಗೆ ದಿನಾ ಒಂದು ಫೋಟೋ ಕಳಿಸ್ತೀನ್ರಿ ಮೇಡಂ. ತಗೋತಾರ. ತಿರುಗಿ ಒಂದೂ ಕಳಿಸಂಗಿಲ್ಲ. ನಾ ಬೀದರಿಗೆ ಲಗ್ನಕ್ಕ ಹೋದಾಗ ಒಬ್ಬರ ಹೋಗಿಬಿಟ್ರು... ಸಿಟ್ಟಾಗ್ಯಾರೇನ್ರಿ?”

ನಾನ್‌ಸೆನ್ಸ್ ಎನ್ನಲು ಹೊರಟವಳು ಅವರ ಲ್ಯಾಪ್‌ಟಾಪಿನ ಕಡೆ ಬಗ್ಗಿದೆ. ಸ್ಕ್ರೀನಿನಲ್ಲಿ ರಾಯರು ನಗುತ್ತಿದ್ದರು, ಆನ್‌ಲೈನ್. ಬಾಯಿ ಬಾಲ್ಕನಿಯ ದಾಸವಾಳದ ಫೋಟೋವನ್ನು ಎಳೆದು ಅವರ ಮುಖದ ಮೇಲೆ ಬಿಟ್ಟರು. ಬೀಗದ ಆಚೆ, ‘ಟಿಂಗ್!’

ಬಾಗಿಲಿಗೆ ಕಿವಿಯಿಟ್ಟೆ. ಒಳಗೆ ಕಂಪ್ಯೂಟರಿನ ಫ್ಯಾನ್ ಉಸಿರಾಡಿದಂತೆ ತಿರುಗುತ್ತಿತ್ತು. ಆ ದಿನದ ಗಡಿಬಿಡಿಯಲ್ಲಿ ಯಾರೂ ಆಫ್ ಮಾಡಿರಲಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಕಾಯ್ದಿತ್ತು. ಸರಿ, ಆದರೆ ‘ಅಕ್ಸೆಪ್ಟ್’ ಒತ್ತಿದ್ದು ಯಾರು?

ಆಗ ನೆನಪಾಯಿತು. ಸಾಫ್ಟ್‌ವೇರ್ ಹಾಕಿದ ದಿನ ರಾಯರು ರೇಗಿದ್ದರು. “ಪ್ರತಿ ಸಲ ನನ್ನ ಕೇಳ್ತದೇನ್ರಿ ಇದು? ಆಕಿ ಬಡಿಸಿದ್ದಕ್ಕ ನಾ ಒಮ್ಮೆರ ಬ್ಯಾಡ ಅಂದೀನೇನು? ಆ ಟಿಕ್ ತಗದಬಿಡ್ರಿ.”

“ಉಪ್ಪು ಕಮ್ಮಿ ಅಂತ ದಿನಾ ಅಂತೀರಲ್ಲ, ಅದೇನು?” ಎಂದು ಅಡುಗೆಮನೆಯಿಂದ ಬಾಯಿ.

‘ಪ್ರತಿ ಸಲ ಕೇಳು’ ಎಂಬುದರ ಟಿಕ್ ತೆಗೆದಿದ್ದೆ. ಅಂದಿನಿಂದ ಮಶೀನು ಯಾರನ್ನೂ ಕೇಳದೆ ತೆಗೆದುಕೊಳ್ಳುತ್ತಿತ್ತು. ಎಲ್ಲವನ್ನೂ ಬಿಡಿಸಿ ಹೇಳಿದೆ.

ಬಾಯಿ ಬಾಗಿಲಿನ ಕಡೆ ತಿರುಗಿದರು. “ಅಂದ್ರ, ಒಳಗ ಯಾರಿಲ್ಲ.”

“ಇಲ್ಲ.”

“ಆದರ ನಾ ಏನ್ ಕಳಿಸಿದ್ರೂ ತಗೋ ಅಂತ ಹೇಳಿಟ್ಟು ಹೋಗ್ಯಾರ.”

“ಹೌದ್ರಿ.”

“ಹಂಗಾದ್ರ ಸಿಟ್ಟಿಲ್ಲ ಬಿಡ್ರಿ.”

ಫೈಲು ತಲುಪಿತು ಎನ್ನುವುದಷ್ಟೇ ಮಶೀನಿನ ಕೆಲಸ. ಯಾರಿಗೆ ತಲುಪಿತು ಎಂದು ಕೇಳುವವರ ಎದುರು ಕೂತು ಉತ್ತರಿಸುವುದು ನಮ್ಮದು. ಲ್ಯಾಬಿನಲ್ಲಿ ಇದನ್ನು ಯಾರೂ ನನಗೆ ಕಲಿಸಿರಲಿಲ್ಲ.

ಶಾಂತಿ ಮಾಡಿಸಿ ಕೋಣೆ ತೆರೆದ ದಿನ ಮತ್ತೆ ಕರೆದರು. ಬಾಯಿ ಒಳಗೆ ಬರಲಿಲ್ಲ; ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, “ಈಗ ಬಂದ್ ಮಾಡ್ರಿ” ಎಂದರು. ಧೂಳು ಹಿಡಿದ ಡೆಸ್ಕ್‌ಟಾಪ್ ಆಫ್ ಮಾಡಿ ಹೊರಗೆ ಬಂದೆ. ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ರಾಯರ ಮುಖ ಬೂದುಬಣ್ಣಕ್ಕೆ ತಿರುಗಿತ್ತು. ಬಾಯಿ ಸೆರಗಿನ ತುದಿಯಿಂದ ಆ ಮುಖವನ್ನು, ಧೂಳು ಕೂತಿದೆಯೆಂಬಂತೆ, ಒರೆಸುತ್ತಿದ್ದರು. ನಾನು ಬಾಯಿಯವರನ್ನು ಕೊನೆಯದಾಗಿ ನೋಡಿದ್ದು ಹಾಗೆ.